ಪಟ ನೋಡಿ ಬರೆದ ಮುಖಗಳು

ಕೊಳ್ಳೇಗಾಲ, ಹನೂರು ಮತ್ತು ಯಳಂದೂರು ಇಂದು ಚಾಮರಾಜನಗರ ಜಿಲ್ಲೆಯ ಅಕ್ಕಪಕ್ಕದ ತಾಲ್ಲೂಕುಗಳಾಗಿದ್ದರೂ, ಒಂದೂವರೆ ಶತಮಾನಕ್ಕೂ ಹೆಚ್ಚು ಕಾಲ ಅವುಗಳ ನಡುವೆ ಎರಡು ಸರ್ಕಾರಗಳ ಗಡಿ ಹಾದುಹೋಗಿತ್ತು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ, ಹನೂರನ್ನೂ ಒಳಗೊಂಡಿದ್ದ ಕೊಳ್ಳೇಗಾಲ ಸೀಮೆಯು ಕಂಪನಿ ಸರ್ಕಾರದ ಪಾಲಾಗಿ ಮದರಾಸು ಪ್ರಾಂತ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿತು ಮತ್ತು 1956ರ ನವೆಂಬರ್ 1ರಂದು ಮೈಸೂರು ರಾಜ್ಯಕ್ಕೆ ಮರಳುವವರೆಗೂ ಮದರಾಸಿನ ಆಡಳಿತದಲ್ಲಿಯೇ ಉಳಿಯಿತು. ಯಳಂದೂರಾದರೋ ಮೈಸೂರು ಸಂಸ್ಥಾನವನ್ನು ಬಿಡದೆ, 1807ರಲ್ಲಿ ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ಸಂದಿತು. ಛಾಯಾಚಿತ್ರವನ್ನು ಮುಂದಿಟ್ಟುಕೊಂಡು ಪೆನ್ಸಿಲಿನಲ್ಲಿ ಮುಖ ಬರೆಯುವ ಕಸುಬು ಈ ಸೀಮೆಗೆ ಬಂದ ದಾರಿಯನ್ನು ಹುಡುಕುವವರು ಮದರಾಸು, ಮೈಸೂರು ಎರಡೂ ಕಡೆ ನೋಡಬೇಕಾಗುವುದು ಈ ಕಾರಣಕ್ಕೆ. ಹಾಗೆ ನೋಡಿದಾಗ, ಈ ಕಸುಬು ಕಲಾಶಾಲೆಗೆ ಋಣಿಯಾಗಿರುವುದಕ್ಕಿಂತ ಹೆಚ್ಚಾಗಿ ಫೋಟೋ ಸ್ಟುಡಿಯೋದ ಒಳಕೋಣೆಗೆ ಋಣಿಯಾಗಿದೆ ಎಂದೇ ತೋರುತ್ತದೆ.

ಛಾಯಾಚಿತ್ರಕ್ಕೆ ಮೊದಲು ಸಾಮಾನ್ಯ ಮನುಷ್ಯನ ಮುಖವನ್ನು ಇದ್ದ ಹಾಗೆಯೇ ಉಳಿಸಿಕೊಳ್ಳುವ ರೂಢಿ ಇಲ್ಲಿ ಇರಲಿಲ್ಲ. ವೀರಗಲ್ಲಿನ ಶಿಲ್ಪಿಗೆ ಸತ್ತವನು ಹೇಗೆ ಹೋರಾಡಿದ, ಯಾವ ಲೋಕಕ್ಕೆ ಹೋದ ಎಂಬುದು ಮುಖ್ಯವಾಗಿತ್ತೇ ಹೊರತು ಅವನ ಮೂಗಿನ ಉದ್ದ ಎಷ್ಟೆಂಬುದಲ್ಲ. ಮುಖಸಾದೃಶ್ಯಕ್ಕೆ, ಅಂದರೆ ನೋಡಿದವರು ಇಂಥವರೇ ಎಂದು ಗುರುತಿಸುವಂತಹ ಹೋಲಿಕೆಗೆ, ಈ ಸೀಮೆಯೊಂದಿಗೆ ನಂಟಿರುವ ಮೊದಲಿಗರಲ್ಲಿ ಪೂರ್ಣಯ್ಯನವರು ಒಬ್ಬರು. ಡಬ್ಲಿನ್ನಿನಲ್ಲಿ ಹುಟ್ಟಿದ ಥಾಮಸ್ ಹಿಕಿ ಎಂಬ ಚಿತ್ರಕಾರ ಟಿಪ್ಪುವಿನ ಪತನದ ನಂತರ ಮೈಸೂರಿನ ಪ್ರಮುಖರನ್ನು ಎದುರಿಗೆ ಕೂರಿಸಿಕೊಂಡು ಚಿತ್ರಿಸಿದ. ಸುಮಾರು 1801ರಲ್ಲಿ ಅವನು ಬರೆದ ಪೂರ್ಣಯ್ಯನವರ ತೈಲಚಿತ್ರ ಈಗ ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಬ್ರಿಟಿಷ್ ಕಲಾಸಂಗ್ರಹದಲ್ಲಿದೆ. ಪೂರ್ಣಯ್ಯನವರು ತೀರಿಕೊಂಡದ್ದು 1812ರಲ್ಲಿ, ಛಾಯಾಗ್ರಹಣದ ವಿಧಾನವನ್ನು ಪ್ಯಾರಿಸಿನಲ್ಲಿ ಲೋಕಕ್ಕೆ ಸಾರಿದ್ದು 1839ರಲ್ಲಿ. ಹೀಗಾಗಿ ಯಳಂದೂರಿನ ಜಹಗೀರುದಾರರ ಮೂಲಪುರುಷನನ್ನು ಇಂದು ಯಾರೇ ಬರೆಯಹೊರಟರೂ ಇನ್ನೊಬ್ಬ ಚಿತ್ರಕಾರ ಕಂಡ ಮುಖವನ್ನೇ ನೆಚ್ಚಬೇಕು. ಅದೇ ವಂಶದ ಪಿ. ಎನ್. ಕೃಷ್ಣಮೂರ್ತಿಯವರು 1901ರಿಂದ 1906ರವರೆಗೆ ಮೈಸೂರಿನ ದಿವಾನರಾಗಿದ್ದ ಹೊತ್ತಿಗೆ ದೊಡ್ಡವರ ಮುಖಗಳನ್ನು ದಾಖಲಿಸುವ ಕೆಲಸ ಕ್ಯಾಮೆರಾದ ಪಾಲಾಗಿತ್ತು.

ಆ ನಡುವಿನ ಕಾಲದಲ್ಲಿ ಮದರಾಸು ಮುಂದಿತ್ತು. ಅಲ್ಲಿ 1850ರಲ್ಲಿ ವೈದ್ಯ ಅಲೆಕ್ಸಾಂಡರ್ ಹಂಟರ್ ತೆರೆದ ಕಲಾಶಾಲೆಯಲ್ಲಿ ಕೆಲವೇ ವರ್ಷಗಳೊಳಗೆ ಚಿತ್ರವಿದ್ಯೆಯ ಜೊತೆಗೆ ಛಾಯಾಗ್ರಹಣವೂ ನೆಲೆಯೂರಿತು. ಆದರೆ ಕ್ಯಾಮೆರಾ ಈ ಕಾಡುಸೀಮೆಯ ಜನರನ್ನು ಹುಡುಕಿಕೊಂಡು ಬಂದದ್ದು ಅವರ ಮುಖವನ್ನು ಅವರಿಗೆ ಕೊಡುವುದಕ್ಕಲ್ಲ. ಎಡ್ಗರ್ ಥರ್ಸ್ಟನ್ 1909ರಲ್ಲಿ ಏಳು ಸಂಪುಟಗಳಲ್ಲಿ ಪ್ರಕಟಿಸಿದ ದಕ್ಷಿಣ ಭಾರತದ ಜಾತಿ ಬುಡಕಟ್ಟುಗಳ ಗ್ರಂಥದಲ್ಲಿ ಈ ಸೀಮೆಯ ಬುಡಕಟ್ಟಿನವರಾದ ಸೋಲಿಗರ ವಿವರವೂ ಇದೆ. ಅಂತಹ ಗ್ರಂಥಗಳ ಛಾಯಾಚಿತ್ರಗಳ ಕೆಳಗೆ ವ್ಯಕ್ತಿಯ ಹೆಸರಿನ ಬದಲು ಕುಲದ ಹೆಸರನ್ನು ಅಚ್ಚುಹಾಕುವುದೇ ವಾಡಿಕೆಯಾಗಿತ್ತು.

ಮೈಸೂರಿನಲ್ಲಿ ಅರಮನೆಯೇ ಛಾಯಾಚಿತ್ರವನ್ನೂ ಕುಂಚವನ್ನೂ ಒಂದುಗೂಡಿಸಿತು. ಅರಮನೆಯ ಕಲ್ಯಾಣಮಂಟಪದ ಗೋಡೆಗಳಲ್ಲಿ ದಸರಾ ಮೆರವಣಿಗೆಯನ್ನು ತೋರಿಸುವ 26 ಚಿತ್ರಫಲಕಗಳನ್ನು 1934ರಿಂದ 1945ರ ನಡುವೆ ಆಸ್ಥಾನದ ಕಲಾವಿದರು ಛಾಯಾಚಿತ್ರಗಳನ್ನು ಆಧರಿಸಿಯೇ ಬರೆದರು, ಆದ್ದರಿಂದ ಅಲ್ಲಿ ಆನೆಯ ಹಿಂದೆ ಸಾಲಾಗಿ ನಡೆಯುವವರಲ್ಲಿಯೂ ಬೇರೆ ಬೇರೆ ಮುಖಗಳು ಕಾಣುತ್ತವೆ. ಪಟ ನೋಡಿ ಬರೆಯುವುದು ಕೀಳು ಕೆಲಸ ಎನ್ನುವವರಿಗೆ ಈ ಗೋಡೆಗಳು ಸಾಕಷ್ಟು ಉತ್ತರ ಕೊಡುತ್ತವೆ.

ಕೊಳ್ಳೇಗಾಲದಂತಹ ರೇಷ್ಮೆ ಪೇಟೆಗೆ ಬೇಕಾಗಿದ್ದುದು ಅರಮನೆಯ ತೈಲಚಿತ್ರವಲ್ಲ, ಗೋಡೆಗೆ ತೂಗುಹಾಕುವ ಒಂದು ದೊಡ್ಡ ಪಟ. ಅದಕ್ಕೆ ಪೆನ್ಸಿಲ್ ಮೊದಲು ಒದಗಿದ್ದು ಕಾಗದದ ಮೇಲಲ್ಲ, ನೆಗೆಟಿವ್ ಮೇಲೆ. ನೆಗೆಟಿವ್ ಎಂದರೆ ಬೆಳಕು ಕತ್ತಲೆಗಳು ತಿರುವುಮುರುವಾಗಿ ಮೂಡಿರುವ ಗಾಜು ಅಥವಾ ಫಿಲ್ಮು. ಅದರ ಮೂಲಕ ಬ್ರೊಮೈಡ್ ಕಾಗದದ ಮೇಲೆ ಬೆಳಕು ಹಾಯಿಸಿದಾಗ ನಿಜವಾದ ಪಟ ಮೂಡುತ್ತದೆ. ಮುಖದ ಸುಕ್ಕು, ಕಣ್ಣಿನ ಕೆಳಗಿನ ಗುಳಿ, ಸಿಡುಬಿನ ಕಲೆ ಇವೆಲ್ಲ ನೆಗೆಟಿವಿನಲ್ಲಿ ತೆಳುವಾಗಿ ಪಾರದರ್ಶಕವಾಗಿರುತ್ತವೆ. ತಿದ್ದುವವನು ಓರೆಯಾಗಿ ನಿಲ್ಲಿಸಿದ ಹಲಗೆಯ ಕಿಂಡಿಗೆ ನೆಗೆಟಿವನ್ನು ಒರಗಿಸಿ, ಹಿಂದಿನಿಂದ ಬೆಳಕು ಬರುವಂತೆ ಮಾಡಿ, ಪೆನ್ಸಿಲ್ ಹಿಡಿಯಲೆಂದು ಅದರ ಮೈಗೆ ಒಂದು ಬಗೆಯ ಅಂಟುದ್ರವ ಸವರಿ, ಸೂಜಿಯಂತೆ ಚೂಪು ಮಾಡಿದ ಗಟ್ಟಿ ಸೀಸದಿಂದ ಆ ತೆಳು ಜಾಗಗಳನ್ನು ಚುಕ್ಕಿ ಚುಕ್ಕಿಯಾಗಿ ತುಂಬುತ್ತಿದ್ದ. ನೆಗೆಟಿವಿನಲ್ಲಿ ಸೀಸ ಕೂತ ಕಡೆ ಬೆಳಕು ತಡೆಯಲ್ಪಟ್ಟು ಪಟದಲ್ಲಿ ಆ ಜಾಗ ಬೆಳ್ಳಗಾಗುತ್ತಿತ್ತು. ಪೆನ್ಸಿಲಿನಿಂದ ಮುಖ ಕಪ್ಪಾಗುವ ಬದಲು ಬೆಳಗುವ ಈ ವಿಚಿತ್ರ ಕೆಲಸವೇ ಅನೇಕ ಸ್ಟುಡಿಯೋ ಹುಡುಗರಿಗೆ ಮುಖದ ಉಬ್ಬುತಗ್ಗುಗಳನ್ನು ಓದುವ ಮೊದಲ ಪಾಠವಾಯಿತು. ಕೆನ್ನೆಯ ಎಲುಬು ಎಲ್ಲಿ ತಿರುಗುತ್ತದೆ, ತುಟಿಯ ಅಂಚು ಎಲ್ಲಿ ಮಾಯವಾಗುತ್ತದೆ ಎಂಬುದು ತಿಳಿಯದವನು ತಿದ್ದಿದರೆ ಮುಖ ಊದಿಕೊಂಡಂತೆ ಕಾಣುತ್ತಿತ್ತು.

ಮೂಲ ನೆಗೆಟಿವ್ ಕಳೆದುಹೋಗಿ, ಅಂಚು ಸವೆದ ಅಂಗೈಯಗಲದ ಪಟವೊಂದೇ ಉಳಿದಿದ್ದಾಗ ಅದನ್ನು ಮತ್ತೆ ಫೋಟೋ ತೆಗೆದು ಹಿಗ್ಗಿಸಬೇಕಾಗುತ್ತಿತ್ತು. ಹಿಗ್ಗಿಸಿದಾಗ ಕಣ್ಣು, ಮೀಸೆ, ಸೀರೆಯ ಅಂಚು ಎಲ್ಲವೂ ಮಸುಕಾಗುವುದರಿಂದ ಮಾಸಿದ ಪಟದ ಮೇಲೆಯೇ ಪೆನ್ಸಿಲ್, ಇದ್ದಿಲು ಅಥವಾ ಕಪ್ಪು ಬಣ್ಣದಿಂದ ಗೆರೆ ಹೂಡಿ ಮುಖವನ್ನು ಎತ್ತಿ ಕೂರಿಸುವುದು ರೂಢಿಯಾಯಿತು. ಕೆಳಗಿನ ಪಟವನ್ನೇ ಬಿಟ್ಟು ಖಾಲಿ ಕಾಗದದ ಮೇಲೆ ಬರೆಯುವುದು ಅಲ್ಲಿಂದ ಒಂದೇ ಹೆಜ್ಜೆಯ ದೂರ.

ಆ ಹೆಜ್ಜೆಗೆ ಬೇಕಾದ ಚೌಕಳಿ ವಿಧಾನ ಶಾಲೆಯಿಂದ ಬಂತು. ಪಟದ ಮೇಲೆ ಕಾಲಿಂಚಿನ ಚೌಕಗಳನ್ನೂ ಕಾಗದದ ಮೇಲೆ ಒಂದಿಂಚಿನ ಚೌಕಗಳನ್ನೂ ಎಳೆದು, ಒಂದೊಂದು ಚೌಕದೊಳಗೆ ಗೆರೆ ಎಲ್ಲಿ ಪ್ರವೇಶಿಸಿ ಎಲ್ಲಿ ಹೊರಬೀಳುತ್ತದೆ ಎಂಬುದನ್ನು ನೋಡಿ ಬರೆದರೆ ಮುಖ ನಾಲ್ಕು ಪಟ್ಟು ಹಿಗ್ಗುತ್ತದೆ. 1956ರವರೆಗೆ ಕೊಳ್ಳೇಗಾಲದ ಕಡೆಯವರಿಗೆ ಚಿತ್ರಕಲೆಯ ಸರ್ಕಾರಿ ಪರೀಕ್ಷೆಗಳೆಂದರೆ ಮದರಾಸಿನವು. ಯಳಂದೂರಿನವರಿಗೆ 1906ರಲ್ಲಿ ಅಡಿಗಲ್ಲು ಬಿದ್ದ ಮೈಸೂರಿನ ಚಾಮರಾಜೇಂದ್ರ ತಾಂತ್ರಿಕ ಸಂಸ್ಥೆ ಹತ್ತಿರದ್ದಾಗಿತ್ತು. ಏಕೀಕರಣದ ನಂತರ ಎರಡೂ ಕಡೆಯ ಮಕ್ಕಳು ಒಂದೇ ಲೋಯರ್ ಗ್ರೇಡ್, ಹೈಯರ್ ಗ್ರೇಡ್ ಪರೀಕ್ಷೆಗಳಿಗೆ ಕೂರತೊಡಗಿದರು. ಪೆನ್ಸಿಲೂ ಅಗ್ಗವಾಯಿತು. ಗ್ರಾಫೈಟ್ ಪುಡಿಗೆ ಜೇಡಿಮಣ್ಣು ಬೆರೆಸಿ ಸುಡುವ ವಿಧಾನವನ್ನು ಫ್ರಾನ್ಸಿನ ಕಾಂಟೆ 1795ರಲ್ಲಿ ಕಂಡುಹಿಡಿದಿದ್ದ. ಮಣ್ಣು ಹೆಚ್ಚಿದಷ್ಟೂ ಕಡ್ಡಿ ಗಟ್ಟಿ, ಕಡಿಮೆಯಾದಷ್ಟೂ ಮೆದು ಮತ್ತು ಕಪ್ಪು. 1958ರಲ್ಲಿ ಆರಂಭವಾದ ಹಿಂದೂಸ್ತಾನ್ ಪೆನ್ಸಿಲ್ಸ್ ಕಂಪನಿಯ ನಟರಾಜ, ಅಪ್ಸರಾ ಪೆನ್ಸಿಲುಗಳು ಹಳ್ಳಿಯ ಅಂಗಡಿಗೂ ಬಂದ ಮೇಲೆ ಈ ತಾರತಮ್ಯ ಎಲ್ಲರ ಕೈಗೆ ಎಟುಕಿತು.

ಬರೆಸುವವರ ಅಗತ್ಯವಂತೂ ಬಹುಪಾಲು ಸಾವಿಗೆ ಸಂಬಂಧಿಸಿದ್ದು. ತಿಥಿಯ ದಿನ ಹೂವು ಹಾಕಲು ಪಟ ಬೇಕು, ಆದರೆ ಬದುಕಿದ್ದಾಗ ಒಮ್ಮೆಯೂ ಒಂಟಿಯಾಗಿ ಪಟ ತೆಗೆಸಿಕೊಳ್ಳದ ಹೆಂಗಸರ ಮುಖವನ್ನು ಮದುವೆಯ ಗುಂಪು ಚಿತ್ರದಿಂದ ಹೆಕ್ಕಿ ತೆಗೆಯಬೇಕು. ಬೇರೆ ಬೇರೆ ಪಟಗಳಲ್ಲಿರುವ ಗಂಡ ಹೆಂಡಿರನ್ನು ಒಂದೇ ಕಾಗದದಲ್ಲಿ ಜೊತೆಗೆ ಕೂರಿಸಬೇಕು. ಮರಣಾನಂತರ ತೆಗೆದ ಪಟವೊಂದೇ ಇದ್ದರೆ ಕಣ್ಣು ತೆರೆದು ಬರೆಯಬೇಕು. 1993ರಿಂದ ಚುನಾವಣಾ ಆಯೋಗ ಭಾವಚಿತ್ರವಿರುವ ಗುರುತಿನ ಚೀಟಿಯನ್ನು ತಂದ ಮೇಲೆ, ಬೆಟ್ಟದ ತಪ್ಪಲಿನ ಹಾಡಿಗಳಲ್ಲಿಯೂ ದೊಡ್ಡಿಗಳಲ್ಲಿಯೂ ಎಷ್ಟೋ ಹಿರಿಯರಿಗೆ ಉಳಿದಿರುವ ಏಕೈಕ ಮುಖ ಅದೇ ಆಯಿತು. ನೇರ ಬೆಳಕಿನಲ್ಲಿ ತೆಗೆದ ಆ ಚಪ್ಪಟೆ ಪಟದಲ್ಲಿ ಮೂಗಿನ ಪಕ್ಕದ ನೆರಳೇ ಇರುವುದಿಲ್ಲ, ಆದ್ದರಿಂದ ಬರೆಯುವವನು ಮಗನನ್ನೋ ಮೊಮ್ಮಗಳನ್ನೋ ಪಕ್ಕಕ್ಕೆ ಕೂರಿಸಿಕೊಂಡು ಅವರ ಮುಖದಿಂದ ನೆರಳನ್ನು ಎರವಲು ತರಬೇಕಾಗುತ್ತದೆ.

ಸ್ಟುಡಿಯೋದ ಒಳಕೋಣೆಯಿಂದ ಬಂದ ಒಂದು ಕೆಟ್ಟ ಚಾಳಿಯನ್ನು ಈ ಕಸುಬು ಇನ್ನೂ ಬಿಟ್ಟಿಲ್ಲ: ಬಿಸಿಲಲ್ಲಿ ದುಡಿದ ಕಪ್ಪು ಮುಖವನ್ನು ಬೆಳ್ಳಗೆ ಮಾಡಿಬಿಡುವುದು. ಅದಕ್ಕೆ ಗಿರಾಕಿಯ ಆಸೆಯೂ ಕಾರಣ, ಪೆನ್ಸಿಲಿನ ಸ್ವಭಾವವೂ ಕಾರಣ. ಸೀಸವನ್ನು ಎಷ್ಟು ಒತ್ತಿದರೂ ಅದು ಕಡುಕಪ್ಪಾಗದೆ ಲೋಹದಂತೆ ಹೊಳೆಯುವುದರಿಂದ, ಮೈಬಣ್ಣಕ್ಕೆ ನಡುಛಾಯೆಯನ್ನೆಲ್ಲ ಖರ್ಚು ಮಾಡಿದವನಿಗೆ ಕೂದಲಿಗೆ ಬೇಕಾದ ಕಪ್ಪು ಉಳಿಯುವುದಿಲ್ಲ. ಬಲ್ಲವರು ಕೂದಲಿಗೆ ಇದ್ದಿಲಿನ ಪೆನ್ಸಿಲ್ ಬಳಸಿ, ಮುಖವನ್ನು ಅದರ ನಿಜವಾದ ಬಣ್ಣಕ್ಕೆ ಬಿಡುತ್ತಾರೆ.

ಸತ್ತವರ ಮುಖಗಳ ಜೊತೆಗೆ ಇಲ್ಲಿ ಅತಿ ಹೆಚ್ಚು ಬರೆಯಿಸಿಕೊಂಡವರಲ್ಲಿ ಚಿತ್ರನಟ ರಾಜಕುಮಾರ್ ಒಬ್ಬರೆಂದರೆ ಅಚ್ಚರಿಯಿಲ್ಲ. ಅವರ ತಂದೆ ರಂಗನಟ ಪುಟ್ಟಸ್ವಾಮಯ್ಯನವರ ಊರು ಸಿಂಗಾನಲ್ಲೂರು ಕೊಳ್ಳೇಗಾಲ ಸೀಮೆಯದೇ. ಆ ಮುಖದ ಮೂಗನ್ನು ತಪ್ಪಾಗಿ ಬರೆದವನಿಗೆ ಬೀದಿಯಲ್ಲಿ ಹೋಗುವವರೂ ತಪ್ಪು ತೋರಿಸಬಲ್ಲರು. ಫ್ಲೆಕ್ಸ್ ಫಲಕಗಳು ಬಂದು ಗೋಡೆಬರಹದವರ ಕೆಲಸವನ್ನು ಕಸಿದುಕೊಂಡರೂ ಪೆನ್ಸಿಲ್ ಚಿತ್ರಕ್ಕೆ ಮದುವೆ, ನಿವೃತ್ತಿಗಳ ಉಡುಗೊರೆಯಾಗಿ ಬೇಡಿಕೆ ಹೆಚ್ಚಿದೆ, ಮತ್ತು ಮೂಲಪಟ ಈಗ ಮೊಬೈಲಿನಲ್ಲಿ ಬರುತ್ತದೆ. ಕೈಯಳತೆಯಲ್ಲಿ ಹಿಡಿದು ತೆಗೆದ ಅಂತಹ ಪಟದಲ್ಲಿ ಕ್ಯಾಮೆರಾಕ್ಕೆ ಹತ್ತಿರವಾದ ಮೂಗು ದೊಡ್ಡದಾಗಿ, ಕಿವಿಗಳು ಕೆನ್ನೆಯ ಹಿಂದಕ್ಕೆ ಸರಿದಿರುತ್ತವೆ. ಚೌಕಳಿಯನ್ನು ಮಾತ್ರ ನಂಬಿದವನು ಆ ದೋಷವನ್ನೂ ಚಾಚೂತಪ್ಪದೆ ನಾಲ್ಕು ಪಟ್ಟು ಹಿಗ್ಗಿಸುತ್ತಾನೆ. ಎದುರಿಗೆ ಕೂತ ಮುಖಗಳನ್ನು ಅಳೆದು ಬರೆದು ಅಭ್ಯಾಸವಿರುವವನು ನಾಲ್ಕಾರು ಅಡಿ ದೂರದಿಂದ ತೆಗೆದ ಇನ್ನೊಂದು ಪಟವನ್ನು ಕೇಳಿ ತರಿಸಿಕೊಳ್ಳುತ್ತಾನೆ.