ಸೈಕ್ಲೋನ್ ಬಂದಾಗ ರಾಡಾರ್ ನೋಡುವುದು ಹೇಗೆ? ರಾಗಿ ಕೊಯ್ಲಿನ ಹೊತ್ತಲ್ಲಿ ತಿಳಿದಿರಬೇಕಾದ ವಿಷಯಗಳು

ಕೋಲಾರ: ನವೆಂಬರ್ ಕೊನೆ, ಡಿಸೆಂಬರ್ ಮೊದಲ ವಾರ ಬಂತೆಂದರೆ ಜಿಲ್ಲೆಯಲ್ಲಿ ರಾಗಿ ಕೊಯ್ಲು. ಬಂಗಾಳ ಕೊಲ್ಲಿಯಲ್ಲಿ ಸೈಕ್ಲೋನ್ ಏಳುವುದೂ ಹೆಚ್ಚಾಗಿ ಅದೇ ಹೊತ್ತಿಗೆ. ಕೊಯ್ದ ರಾಗಿ ಹೊಲದಲ್ಲೇ ಒಣಗುತ್ತಿರುತ್ತದೆ, ಪೂರ್ವದಿಂದ ಮೋಡ ಕವಿಯುತ್ತದೆ, ಮೊಬೈಲ್‌ಗೆ ಗಂಟೆಗೊಂದು ಸುದ್ದಿ ಬರುತ್ತದೆ. ಬೆಳಗ್ಗೆ ‘ಚೆನ್ನೈಗೆ ಅಪ್ಪಳಿಸುತ್ತಂತೆ’, ಮಧ್ಯಾಹ್ನ ‘ವೀಕ್ ಆಯ್ತಂತೆ’, ಸಂಜೆಗೆ ‘ಮತ್ತೆ ಜೋರಾಯ್ತಂತೆ’.

ಮುನ್ಸೂಚನೆ ಹೀಗೆ ಹೊಯ್ದಾಡುವಾಗ ಈಗ ಹಲವರು ತಾವೇ ಮೊಬೈಲ್‌ನಲ್ಲಿ ರಾಡಾರ್ ಚಿತ್ರ ತೆರೆದು ನೋಡುತ್ತಾರೆ. ಅದು ಒಳ್ಳೆಯದೇ. ಆದರೆ ರಾಡಾರ್ ಏನನ್ನು ತೋರಿಸುತ್ತೆ, ಏನನ್ನು ತೋರಿಸಲ್ಲ ಎಂಬುದು ಗೊತ್ತಿಲ್ಲದಿದ್ದರೆ ಅದೇ ಚಿತ್ರ ದಾರಿ ತಪ್ಪಿಸಬಹುದು.

ಫೆಂಗಲ್ ಕಲಿಸಿದ ಪಾಠ

2024ರ ನವೆಂಬರ್ 25ರಂದು ಬಂಗಾಳ ಕೊಲ್ಲಿಯಲ್ಲಿ ಒಂದು ವಾಯುಭಾರ ಕುಸಿತ ರೂಪುಗೊಂಡಿತು. ಮರುದಿನ ಅದು ತೀವ್ರ ವಾಯುಭಾರ ಕುಸಿತವಾಯಿತು. ಇನ್ನೇನು ಚಂಡಮಾರುತವಾಗುತ್ತದೆ ಎಂಬ ಮುನ್ಸೂಚನೆ ಬಂದರೂ ಅದು ಬೇಗ ಬಲಗೊಳ್ಳಲಿಲ್ಲ, ಬೇಗ ಮುಂದೆ ಸಾಗಲೂ ಇಲ್ಲ. ಕರಾವಳಿ ದಾಟುವಾಗ ಅದು ಚಂಡಮಾರುತವಾಗಿ ಉಳಿದಿರುವುದಿಲ್ಲ ಎಂಬ ಅಂದಾಜೂ ಒಂದು ಹಂತದಲ್ಲಿ ಬಂತು. ಆದರೆ 29ರಂದು ಅದು ಬಲಗೊಂಡು ‘ಫೆಂಗಲ್’ ಎಂಬ ಹೆಸರು ಪಡೆಯಿತು. 30ರ ರಾತ್ರಿ ಪುದುಚೇರಿ ಬಳಿ ಕರಾವಳಿ ದಾಟಿತು.

ಅಲ್ಲಿಗೂ ಮುಗಿಯಲಿಲ್ಲ. ದಡಕ್ಕೆ ಬಂದ ಮೇಲೆ ಫೆಂಗಲ್ ಗಂಟೆಗಟ್ಟಲೆ ಬಹುತೇಕ ನಿಂತಲ್ಲೇ ನಿಂತಿತು. ಪುದುಚೇರಿಯಲ್ಲಿ 24 ಗಂಟೆಯಲ್ಲಿ 46 ಸೆಂ.ಮೀ.ಗೂ ಹೆಚ್ಚು ಮಳೆ ಸುರಿಯಿತು. ಬಳಿಕ ಬಲ ಕಳೆದುಕೊಂಡು ಒಳನಾಡಿನತ್ತ ಸರಿದಾಗ, ಕೃಷ್ಣಗಿರಿ ಜಿಲ್ಲೆಯ ಊತ್ತಂಗರೈಯಲ್ಲಿ ಒಂದೇ ದಿನಕ್ಕೆ ಸುಮಾರು 50 ಸೆಂ.ಮೀ. ಮಳೆ ದಾಖಲಾಯಿತು. ಊತ್ತಂಗರೈ ಸಮುದ್ರ ತೀರದ ಊರಲ್ಲ. ಕೆಜಿಎಫ್‌ನಿಂದ ನೇರ ಅಳತೆಯಲ್ಲಿ ಸುಮಾರು 80 ಕಿ.ಮೀ. ದೂರವಷ್ಟೇ. ಆ ಮಳೆ ಇನ್ನಷ್ಟು ಉತ್ತರಕ್ಕೆ ಬಿದ್ದಿದ್ದರೆ ಏನಾಗುತ್ತಿತ್ತು ಎಂದು ಜಿಲ್ಲೆಯ ರೈತರು ಊಹಿಸಿಕೊಳ್ಳಬಹುದು.

ಮುನ್ಸೂಚನೆ ಬದಲಾಗುವುದು ಯಾಕೆ?

ಸೈಕ್ಲೋನ್ ತಾನಾಗಿ ದಾರಿ ಹಿಡಿಯುವುದಿಲ್ಲ. ಹೊಳೆಯಲ್ಲಿ ತೇಲುವ ಎಲೆಯಂತೆ, ಸುತ್ತಲಿನ ಮೇಲ್ಮಟ್ಟದ ಗಾಳಿ ಎತ್ತ ಒಯ್ಯುತ್ತದೋ ಅತ್ತ ಸಾಗುತ್ತದೆ. ಆ ಗಾಳಿ ಜೋರಾಗಿದ್ದರೆ ದಾರಿ ಹೇಳುವುದು ಸುಲಭ. ಅದೇ ಮಂದವಾದರೆ ಸೈಕ್ಲೋನ್ ನಿಲ್ಲಬಹುದು, ತಿರುಗಬಹುದು. ಕಂಪ್ಯೂಟರ್ ಮಾದರಿಗಳು ಒಂದಕ್ಕೊಂದು ಬೇರೆ ಉತ್ತರ ಕೊಡುವುದು ಇಂಥ ಹೊತ್ತಲ್ಲೇ. ಭಾರತದ ಮಾದರಿ ಒಂದು ಕಡೆ ತೋರಿಸಿದರೆ ಅಮೆರಿಕದ್ದು, ಯುರೋಪಿನದ್ದು ಇನ್ನೊಂದು ಕಡೆ ತೋರಿಸಬಹುದು.

ಗಾಳಿ ಸರಿಯಾಗಿದ್ದ ಸಂದರ್ಭಗಳನ್ನೂ ಸೇರಿಸಿ ಲೆಕ್ಕ ಹಾಕಿದರೆ, ಇತ್ತೀಚಿನ ವರ್ಷಗಳಲ್ಲಿ 24 ಗಂಟೆ ಮೊದಲು ಕೊಟ್ಟ ಪಥದ ಮುನ್ಸೂಚನೆಯಲ್ಲೂ ಸರಾಸರಿ 70-80 ಕಿ.ಮೀ. ವ್ಯತ್ಯಾಸ ಇರುತ್ತದೆ. ಹವಾಮಾನ ಇಲಾಖೆಯ ನಕ್ಷೆಯಲ್ಲಿ ಪಥದ ಗೆರೆಯ ಸುತ್ತ, ಮುಂದೆ ಹೋದಂತೆ ಅಗಲವಾಗುವ ಪಟ್ಟೆ ಇರುವುದು ಇದಕ್ಕೇ. ಮಧ್ಯದ ಗೆರೆಯನ್ನಷ್ಟೇ ನೋಡಬಾರದು. ಸೈಕ್ಲೋನ್‌ನ ಕೇಂದ್ರ ಆ ಪಟ್ಟೆಯೊಳಗೆ ಎಲ್ಲಿ ಬೇಕಾದರೂ ಬರಬಹುದು.

ನಮಗೆ 100 ಕಿ.ಮೀ. ಯಾಕೆ ಮುಖ್ಯ?

ನಮ್ಮ ಭಾಗದಲ್ಲಿ ಸೈಕ್ಲೋನ್ ಗಡಿಯಾರದ ಮುಳ್ಳಿಗೆ ವಿರುದ್ಧ ದಿಕ್ಕಿನಲ್ಲಿ ಸುತ್ತುತ್ತದೆ. ಕೇಂದ್ರ ಪುದುಚೇರಿ ಕಡೆ ಬಂದರೆ ಕೋಲಾರ ಅದರ ಉತ್ತರಕ್ಕೆ ಉಳಿಯುತ್ತದೆ. ಆಗ ಸಮುದ್ರದ ತೇವ ಹೊತ್ತ ಪೂರ್ವದ ಗಾಳಿ ನೇರ ಇತ್ತ ಬೀಸುತ್ತದೆ. ಕೇಂದ್ರ ಚೆನ್ನೈಗಿಂತ ಮೇಲಕ್ಕೆ, ಆಂಧ್ರದತ್ತ ಹೋದರೆ ಇಲ್ಲಿಗೆ ಬೀಸುವುದು ನೆಲದ ಕಡೆಯಿಂದ ಬರುವ ಒಣ ಗಾಳಿ. ಮೋಡ, ಚಳಿ ಇದ್ದರೂ ಮಳೆ ಕಡಿಮೆ ಇರುವ ಸಾಧ್ಯತೆಯೇ ಹೆಚ್ಚು.

ಚೆನ್ನೈಗೂ ಪುದುಚೇರಿಗೂ ನೇರ ದೂರ ಸುಮಾರು 135 ಕಿ.ಮೀ. ಹಾಗಾಗಿ ಪಥ ಸ್ವಲ್ಪ ಆಚೀಚೆ ಆದರೂ ಇಲ್ಲಿನ ಲೆಕ್ಕ ಪೂರ್ತಿ ಬದಲಾಗುತ್ತದೆ.

ರಾಡಾರ್ ಮಾಡುವುದೇನು?

ಡಾಪ್ಲರ್ ರಾಡಾರ್ ಸುತ್ತ ತಿರುಗುತ್ತಾ ರೇಡಿಯೋ ಅಲೆಗಳನ್ನು ಬಿಡುತ್ತದೆ. ಅವು ಮಳೆಹನಿಗೆ ತಗುಲಿ ವಾಪಸ್ ಬರುತ್ತವೆ. ವಾಪಸ್ ಬಂದ ಅಲೆಯ ಬಲದಿಂದ ಮಳೆ ಎಷ್ಟು ಜೋರಿದೆ ಎಂಬ ಅಂದಾಜು ಸಿಗುತ್ತದೆ. ಅಲೆಯಲ್ಲಾದ ಬದಲಾವಣೆಯಿಂದ ಹನಿಗಳು ರಾಡಾರ್ ಕಡೆಗೆ ಬರುತ್ತಿವೆಯೋ ದೂರ ಹೋಗುತ್ತಿವೆಯೋ ಎಂಬುದೂ ತಿಳಿಯುತ್ತದೆ. ಫೆಂಗಲ್ ಕರಾವಳಿ ಹತ್ತಿರ ಬಂದಾಗ ಅದರ ಮೇಲೆ ಚೆನ್ನೈ, ಕಾರೈಕಾಲ್, ಶ್ರೀಹರಿಕೋಟಾ ರಾಡಾರ್‌ಗಳ ಕಣ್ಣಿತ್ತು.

ಚಿತ್ರದ ಪಕ್ಕದ ಬಣ್ಣದ ಪಟ್ಟಿಯಲ್ಲಿ ಡಿಬಿಝಡ್ ಎಂಬ ಅಳತೆ ಇರುತ್ತದೆ. 20ರ ಆಸುಪಾಸು ಎಂದರೆ ತುಂತುರು. 40 ಎಂದರೆ ಗಂಟೆಗೆ ಸುಮಾರು 12 ಮಿ.ಮೀ. ಮಳೆ. 50 ದಾಟಿದರೆ ಗಂಟೆಗೆ ಸುಮಾರು 50 ಮಿ.ಮೀ. ಲೆಕ್ಕದ ಬಿರುಮಳೆ. ಇವೆಲ್ಲ ಅಂದಾಜು, ಮಳೆಮಾಪಕದ ಲೆಕ್ಕವಲ್ಲ.

ನೋಡುವಾಗ ಗಮನಿಸಬೇಕಾದ್ದು ಮೂರು:

1. ಚಿತ್ರದ ಮೇಲಿನ ಸಮಯ ನೋಡಿ. ‘ಯುಟಿಸಿ’ ಎಂದಿದ್ದರೆ ಐದೂವರೆ ಗಂಟೆ ಸೇರಿಸಿದರೆ ನಮ್ಮ ಸಮಯ ಬರುತ್ತದೆ.

2. ಒಂದೇ ಚಿತ್ರ ನೋಡಬೇಡಿ, ಹಿಂದಿನ ಒಂದು ಗಂಟೆಯ ಚಿತ್ರಗಳನ್ನು ಓಡಿಸಿ ನೋಡಿ. ಮಳೆಪಟ್ಟಿ ಗಂಟೆಗೆ 30 ಕಿ.ಮೀ. ಸರಿದು 60 ಕಿ.ಮೀ. ದೂರದಲ್ಲಿದ್ದರೆ ಹತ್ತಿರ ಹತ್ತಿರ ಎರಡು ಗಂಟೆ ಸಮಯ ಇದೆ ಎಂದರ್ಥ.

3. ಕೆಲವು ಆ್ಯಪ್‌ಗಳಲ್ಲಿ ನಾಳೆ, ನಾಡಿದ್ದಿನ ಬಣ್ಣದ ಚಿತ್ರವೂ ಓಡುತ್ತದೆ. ಅದು ರಾಡಾರ್ ಅಲ್ಲ, ಕಂಪ್ಯೂಟರ್ ಮಾದರಿಯ ಲೆಕ್ಕ. ನಾಳಿನ ಮಳೆಯನ್ನು ಯಾವ ರಾಡಾರೂ ಇವತ್ತು ನೋಡಲಾರದು.

ಬಣ್ಣ ಇಲ್ಲ, ಆದರೂ ಮಳೆ

ಕೋಲಾರದ ಮಟ್ಟಿಗೆ ಇನ್ನೊಂದು ತೊಡಕಿದೆ. ಚೆನ್ನೈ ರಾಡಾರ್‌ನಿಂದ ಕೋಲಾರ ನಗರ ನೇರ ಅಳತೆಯಲ್ಲಿ ಸುಮಾರು 235 ಕಿ.ಮೀ. ದೂರ. ರಾಡಾರ್ ಕಿರಣವನ್ನು ನೆಲಕ್ಕಿಂತ ಸ್ವಲ್ಪ ಮೇಲಕ್ಕೆ, ಸಾಮಾನ್ಯವಾಗಿ ಅರ್ಧ ಡಿಗ್ರಿ ಓರೆಯಲ್ಲಿ ಬಿಡುತ್ತಾರೆ. ಭೂಮಿ ದುಂಡಗಿರುವುದರಿಂದ ದೂರ ಹೋದಷ್ಟೂ ಕಿರಣ ನೆಲದಿಂದ ಮೇಲೇರುತ್ತದೆ. ಕೋಲಾರಕ್ಕೆ ಬರುವಷ್ಟರಲ್ಲಿ ಅದು ಸಮುದ್ರಮಟ್ಟದಿಂದ ಸುಮಾರು 5 ಕಿ.ಮೀ. ಎತ್ತರದಲ್ಲಿರುತ್ತದೆ.

ಎತ್ತರಕ್ಕೆ ಬೆಳೆದ ಗುಡುಗು ಮೋಡವಾದರೆ ಆ ಕಿರಣಕ್ಕೆ ಸಿಗುತ್ತದೆ. ಆದರೆ ಸೈಕ್ಲೋನ್ ದಿನಗಳಲ್ಲಿ ಇಲ್ಲಿ ಹಿಡಿಯುವ ಜಡಿಮಳೆ ಹೆಚ್ಚಾಗಿ ತಗ್ಗಿನ ಮೋಡದ್ದು. ಕಿರಣ ಅದರ ತಲೆಯ ಮೇಲೆಯೇ ಹಾದು ಹೋಗುತ್ತದೆ. ಪರದೆಯ ಮೇಲೆ ಕೋಲಾರ ಖಾಲಿ ಕಂಡರೂ ಮುಳಬಾಗಿಲು, ಬಂಗಾರಪೇಟೆಯಲ್ಲಿ ದಿನವಿಡೀ ಜಿನುಗುತ್ತಿರಬಹುದು. ಕೊಯ್ದು ಹಾಕಿದ ರಾಗಿ ತೆನೆ ಮೊಳಕೆಯೊಡೆಯಲು, ಕಪ್ಪಾಗಲು ಎರಡು ಮೂರು ದಿನದ ಇಂಥ ಜಡಿ ಸಾಕು, ಬಿರುಮಳೆಯೇ ಬೇಕಿಲ್ಲ.

‘ವೀಕ್ ಆಯ್ತು’ ಎಂದರೆ ಏನು?

ಹೆಚ್ಚು ಜನ ತಪ್ಪು ತಿಳಿಯುವುದು ಇಲ್ಲೇ. ವಾಯುಭಾರ ಕುಸಿತ, ತೀವ್ರ ವಾಯುಭಾರ ಕುಸಿತ, ಚಂಡಮಾರುತ ಎಂಬ ಹಂತಗಳನ್ನು ಇಲಾಖೆ ಗುರುತಿಸುವುದು ಗಾಳಿಯ ವೇಗದ ಮೇಲೆ. ಗಂಟೆಗೆ 31ರಿಂದ 49 ಕಿ.ಮೀ. ಇದ್ದರೆ ವಾಯುಭಾರ ಕುಸಿತ, 50ರಿಂದ 61 ಇದ್ದರೆ ತೀವ್ರ ವಾಯುಭಾರ ಕುಸಿತ, 62 ಮುಟ್ಟಿದರೆ ಚಂಡಮಾರುತ. ಮಳೆಯ ಪ್ರಮಾಣಕ್ಕೂ ಈ ಹೆಸರುಗಳಿಗೂ ನೇರ ಸಂಬಂಧವಿಲ್ಲ. ದುರ್ಬಲವಾಗಿದೆ ಎಂದರೆ ಗಾಳಿ ಇಳಿದಿದೆ ಎಂದಷ್ಟೇ.

2021ರ ನವೆಂಬರ್ ಇದಕ್ಕೆ ಸಾಕ್ಷಿ. ಆ ತಿಂಗಳ 19ರ ಬೆಳಗಿನ ಜಾವ ಚೆನ್ನೈ-ಪುದುಚೇರಿ ನಡುವೆ ಕರಾವಳಿ ದಾಟಿದ್ದು ಬರೀ ವಾಯುಭಾರ ಕುಸಿತ. ಅದಕ್ಕೊಂದು ಹೆಸರು ಕೂಡ ಇರಲಿಲ್ಲ. ತಿರುಪತಿ, ಕಡಪ ಕಡೆ ಪ್ರವಾಹ ಬಂತು. ಆ ತಿಂಗಳ ಮಳೆಗೆ ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳಲ್ಲಿ ಕೈಗೆ ಬಂದ ರಾಗಿ ಹಾಳಾಯಿತು.

ಯಾವ ತೀರ್ಮಾನಕ್ಕೆ ಯಾವುದನ್ನು ನೋಡಬೇಕು?

ಕೊಯ್ಲು ಮಾಡಬೇಕೋ ಬೇಡವೋ: ಇದು ನಾಲ್ಕೈದು ದಿನದ ತೀರ್ಮಾನ. ರಾಡಾರ್ ಇಲ್ಲಿ ಪ್ರಯೋಜನಕ್ಕಿಲ್ಲ. ಮಂಗಳವಾರ ಮತ್ತು ಶುಕ್ರವಾರ ಬರುವ ಕೃಷಿ ಹವಾಮಾನ ಸಲಹೆ, ‘ಮೇಘದೂತ್’ ಆ್ಯಪ್, ‘ವರುಣಮಿತ್ರ’ ಸಹಾಯವಾಣಿ ನೋಡಿಕೊಳ್ಳಬೇಕು. ಪಥದ ಪಟ್ಟೆ ಪುದುಚೇರಿಯಿಂದ ಚೆನ್ನೈವರೆಗೆ ಹರಡಿದ್ದರೆ ಕೊಯ್ಲು ಮುಂದಕ್ಕೆ ಹಾಕುವುದೇ ಲೇಸು.

ಕೊಯ್ದದ್ದನ್ನು ಕಟ್ಟಿ ಮೆದೆ ಹಾಕುವುದು: ಒಂದೆರಡು ದಿನದ ತೀರ್ಮಾನ. ಇಲಾಖೆಯ ಜಿಲ್ಲಾವಾರು ಎಚ್ಚರಿಕೆ ಹಳದಿಗೆ ಬಂದ ಕೂಡಲೇ ಕೆಲಸ ಶುರು ಮಾಡಬೇಕು, ಕೆಂಪಿಗೆ ಕಾಯಬಾರದು. ಕೂಲಿ ಆಳು, ಟ್ರ್ಯಾಕ್ಟರ್ ಎಲ್ಲರಿಗೂ ಒಂದೇ ದಿನ ಬೇಕಾಗುತ್ತದೆ.

ಕಣದಲ್ಲಿರುವ ಕಾಳು ಒಳಗೆ ಸೇರಿಸುವುದು, ಟಾರ್ಪಲ್ ಹೊದಿಸುವುದು, ಟೊಮೆಟೊ ಲೋಡ್ ಕಳಿಸುವುದು: ಎರಡು ಮೂರು ಗಂಟೆಯ ತೀರ್ಮಾನ. ರಾಡಾರ್ ಕೆಲಸಕ್ಕೆ ಬರುವುದು ಇಲ್ಲಿ. ಜತೆಗೆ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆಮಾಪಕಗಳು ಗ್ರಾಮ ಪಂಚಾಯಿತಿ ಮಟ್ಟದಲ್ಲಿವೆ. ಪೂರ್ವದ ಪಕ್ಕದ ಪಂಚಾಯಿತಿಯಲ್ಲಿ ಮಳೆ ದಾಖಲಾಗುತ್ತಿದ್ದರೆ ರಾಡಾರ್ ಚಿತ್ರ ಖಾಲಿ ಇದ್ದರೂ ಅದನ್ನೇ ನಂಬಬೇಕು.

ಬೆಳೆ ನೆನೆದೇ ಹೋದರೆ

ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆಯಲ್ಲಿ, ಕೊಯ್ದು ಹೊಲದಲ್ಲಿ ಒಣಗಲು ಬಿಟ್ಟ ಬೆಳೆಗೆ ಕೊಯ್ಲಿನ ದಿನದಿಂದ 14 ದಿನದವರೆಗೆ ಸೈಕ್ಲೋನ್ ಮಳೆ, ಅಕಾಲಿಕ ಮಳೆಯ ನಷ್ಟಕ್ಕೆ ಪರಿಹಾರ ಕೇಳಲು ಅವಕಾಶವಿದೆ. ನಷ್ಟವಾದ 72 ಗಂಟೆಯೊಳಗೆ ವಿಮಾ ಕಂಪನಿಗೆ, ಬ್ಯಾಂಕಿಗೆ ಅಥವಾ ಕೃಷಿ ಇಲಾಖೆಗೆ ತಿಳಿಸಬೇಕು. ಮಳೆ ಬಿಡಲಿ, ಆಮೇಲೆ ಹೋದರಾಯ್ತು ಎಂದು ಕೂತರೆ ಆ ಮೂರು ದಿನ ಜಡಿಯಲ್ಲೇ ಕಳೆದುಹೋಗುತ್ತದೆ. ಸರ್ವೆ ನಂಬರ್, ಕೊಯ್ಲು ಮಾಡಿದ ದಿನಾಂಕ, ನೆನೆದ ಬೆಳೆಯ ಫೋಟೊ ಮೊದಲೇ ಇಟ್ಟುಕೊಂಡಿರುವುದು ಒಳ್ಳೆಯದು.