ಒಟ್ಟು ಕೊಲೆಸ್ಟ್ರಾಲ್ ಮರೆಮಾಚುವ ಹಾನಿ: ಯುವ ಧೂಮಪಾನಿಗಳ ರಕ್ತದ ಕೊಬ್ಬಿನ ವಿಚಾರ

ರಕ್ತಪರೀಕ್ಷೆಯ ವರದಿಯಲ್ಲಿ ಒಟ್ಟು ಕೊಲೆಸ್ಟ್ರಾಲ್ ಪ್ರತಿ ಡೆಸಿಲೀಟರಿಗೆ 200 ಮಿಲಿಗ್ರಾಂಗಿಂತ ಕೆಳಗಿದ್ದರೆ ಯುವಕರು ನಿಶ್ಚಿಂತರಾಗುವುದು ರೂಢಿ. ಸಿಗರೇಟು ಸೇದುವವರಿಗೆ ಈ ನಿಶ್ಚಿಂತೆ ಸಲ್ಲದು. ಧೂಮಪಾನ ಕೊಬ್ಬಿನ ಒಟ್ಟು ಮೊತ್ತವನ್ನು ಅಷ್ಟಾಗಿ ಏರಿಸದೆ, ಅದರೊಳಗಿನ ಹಂಚಿಕೆಯನ್ನು ಕೆಡಿಸುತ್ತದೆ ಎಂಬುದೇ ಇಲ್ಲಿನ ವಾದ. 1989ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಕ್ರೇಗ್ ಮತ್ತು ಸಂಗಡಿಗರು 54 ಅಧ್ಯಯನಗಳನ್ನು ಒಟ್ಟುಗೂಡಿಸಿ ವಿಶ್ಲೇಷಿಸಿದರು. ಸೇದದವರಿಗೆ ಹೋಲಿಸಿದರೆ ಸೇದುವವರಲ್ಲಿ ಒಟ್ಟು ಕೊಲೆಸ್ಟ್ರಾಲ್ ಶೇ. 3ರಷ್ಟು, ಟ್ರೈಗ್ಲಿಸರೈಡ್ ಎಂಬ ಕೊಬ್ಬು ಶೇ. 9.1ರಷ್ಟು ಹೆಚ್ಚಿತ್ತು, ರಕ್ಷಕವೆನಿಸಿದ ಎಚ್‌ಡಿಎಲ್ ಶೇ. 5.7ರಷ್ಟು ಕಡಿಮೆಯಿತ್ತು. ಒಟ್ಟು ಕೊಲೆಸ್ಟ್ರಾಲನ್ನು ಎಚ್‌ಡಿಎಲ್‌ನಿಂದ ಭಾಗಿಸಿದರೆ ಈ ಅನುಪಾತ ಸುಮಾರು ಶೇ. 9ರಷ್ಟು ಏರಿದಂತಾಗುತ್ತದೆ. ಮೊತ್ತವನ್ನಷ್ಟೇ ನೋಡುವವರ ಕಣ್ಣಿಗೆ ಈ ಏರಿಕೆ ಬೀಳುವುದಿಲ್ಲ. 8ರಿಂದ 19 ವರ್ಷದವರ ಬಗ್ಗೆ ಅದೇ ತಂಡ ಮರುವರ್ಷ ನಡೆಸಿದ ವಿಶ್ಲೇಷಣೆಯಲ್ಲಿ ಎಚ್‌ಡಿಎಲ್ ಇಳಿಕೆ ವಯಸ್ಕರಿಗಿಂತಲೂ ಹೆಚ್ಚಾಗಿತ್ತು. ಅಂದರೆ ಈ ಕೆಡುಕು ತೋರಲು ದಶಕಗಳ ಚಟ ಬೇಕಿಲ್ಲ.

ಇದರ ಹಿಂದಿನ ಕ್ರಿಯೆಯೂ ಬಹುಮಟ್ಟಿಗೆ ತಿಳಿದಿದೆ. ನಿಕೋಟಿನ್ ಅಡ್ರಿನಲಿನ್‌ನಂಥ ರಾಸಾಯನಿಕಗಳನ್ನು ಹೊಮ್ಮಿಸುತ್ತದೆ. ಅವು ಶೇಖರಿತ ಕೊಬ್ಬನ್ನು ಕರಗಿಸಿ ಕೊಬ್ಬಿನಾಮ್ಲಗಳನ್ನು ರಕ್ತಕ್ಕೆ ಬಿಡುತ್ತವೆ. ಯಕೃತ್ತು ಅವನ್ನು ಟ್ರೈಗ್ಲಿಸರೈಡ್ ತುಂಬಿದ ವಿಎಲ್‌ಡಿಎಲ್ ಕಣಗಳಾಗಿಸಿ ಹೊರಕಳಿಸುತ್ತದೆ. ಸೇದುವವರಲ್ಲಿ ಎಚ್‌ಡಿಎಲ್ ಬಲಿಯಲು ಬೇಕಾದ ಕಿಣ್ವದ ಚಟುವಟಿಕೆಯೂ ಕುಗ್ಗುತ್ತದೆ.

ಸೇದುವವರ ಊಟ, ಕುಡಿತ, ವ್ಯಾಯಾಮದ ಅಭ್ಯಾಸಗಳೇ ಬೇರೆಯಾದ್ದರಿಂದ ಈ ವ್ಯತ್ಯಾಸ ಕಂಡಿರಬಹುದೆಂಬ ಆಕ್ಷೇಪವಿದೆ. ಆದರೆ ಮದ್ಯ ಎಚ್‌ಡಿಎಲ್ ಏರಿಸುತ್ತದೆ. ಸೇದುವವರಲ್ಲಿ ಕುಡಿತ ಹೆಚ್ಚಾಗಿದ್ದರೆ ಅದು ಇಳಿಕೆಯನ್ನು ಮುಚ್ಚಿಡಬೇಕೇ ಹೊರತು ಹುಟ್ಟಿಸಲಾರದು. ಅಮೆರಿಕದ ವಿಸ್ಕಾನ್ಸಿನ್ ಸಂಶೋಧಕರು 2011ರಲ್ಲಿ ಪ್ರಕಟಿಸಿದ ಅಧ್ಯಯನ ಇನ್ನೂ ಬಲವಾದ ಉತ್ತರ ಕೊಡುತ್ತದೆ: ಸಿಗರೇಟು ಬಿಟ್ಟವರ ತೂಕ ಹೆಚ್ಚಿದರೂ ಒಂದು ವರ್ಷದಲ್ಲಿ ಅವರ ಎಚ್‌ಡಿಎಲ್ ಪ್ರತಿ ಡೆಸಿಲೀಟರಿಗೆ ಸರಾಸರಿ 2.4 ಮಿಲಿಗ್ರಾಂ ಏರಿತು, ಬಿಡದವರಲ್ಲಿ ಬಹುತೇಕ ಏರಲಿಲ್ಲ. ಕೆಟ್ಟ ಕೊಲೆಸ್ಟ್ರಾಲ್ ಎನಿಸಿದ ಎಲ್‌ಡಿಎಲ್ ಮಾತ್ರ ಬದಲಾಗಲಿಲ್ಲವೆಂಬುದನ್ನೂ ಒಪ್ಪಬೇಕು. ಎಚ್‌ಡಿಎಲ್ ಏರಿಸಿದ ಔಷಧಗಳು ಹೃದಯಾಘಾತ ತಪ್ಪಿಸಲಿಲ್ಲವಲ್ಲ ಎಂಬ ಇನ್ನೊಂದು ಆಕ್ಷೇಪವೂ ತೂಕದ್ದೇ. ಎಚ್‌ಡಿಎಲ್ ಇಳಿಕೆಯೇ ರೋಗಕಾರಣವೆಂದು ಇಲ್ಲಿ ಸಾಧಿಸುತ್ತಿಲ್ಲ. ಕೊಬ್ಬಿನ ಸಾಗಾಟ ಹದಗೆಟ್ಟಿದೆ ಎಂಬುದಕ್ಕೆ ಅದು ಕುರುಹು. ಅಪಘಾತ, ಕೊಲೆ, ಆತ್ಮಹತ್ಯೆಗಳಲ್ಲಿ ಸತ್ತ 15ರಿಂದ 34 ವರ್ಷದ ಗಂಡಸರ ಅಪಧಮನಿಗಳನ್ನು ಪರೀಕ್ಷಿಸಿದ ಅಮೆರಿಕದ 'ಪಿಡೇ' ಅಧ್ಯಯನದಲ್ಲಿ (1990) ಕೆಟ್ಟ ಕೊಬ್ಬಿನ ಹಂಚಿಕೆ ಮತ್ತು ಧೂಮಪಾನ ಎರಡೂ ರಕ್ತನಾಳದ ಗಾಯಗಳೊಡನೆ ನಂಟು ತೋರಿದವು. ಧೂಮಪಾನದ ಹಾನಿ ಕೊಬ್ಬಿನ ದಾರಿಯೊಂದರಲ್ಲೇ ಬರುವುದಿಲ್ಲ. ಹೀಗಾಗಿ ಒಳ್ಳೆಯ ವರದಿಯೂ ಸಿಗರೇಟನ್ನು ನಿರ್ದೋಷಿಯಾಗಿಸದು.

ಭಾರತೀಯರಿಗೆ ಈ ವಾದ ಹೆಚ್ಚು ಅನ್ವಯಿಸುತ್ತದೆ. 2014ರಲ್ಲಿ ಪ್ರಕಟವಾದ ಐಸಿಎಂಆರ್–ಇಂಡಿಯಾಬ್ ಸಮೀಕ್ಷೆಯಲ್ಲಿ ಅಧಿಕ ಕೊಲೆಸ್ಟ್ರಾಲ್ ಶೇ. 13.9 ಮಂದಿಗಿದ್ದರೆ ಎಚ್‌ಡಿಎಲ್ ಕೊರತೆ ಶೇ. 72.3 ಮಂದಿಗಿತ್ತು. ಎಚ್‌ಡಿಎಲ್ ಮೊದಲೇ ಕಡಿಮೆಯಿರುವವರಲ್ಲಿ ಸಿಗರೇಟು ಅದನ್ನು ಮತ್ತಷ್ಟು ತಗ್ಗಿಸುತ್ತದೆ. ಆದ್ದರಿಂದ ವೈದ್ಯರು ಯುವಕರ ವರದಿ ಓದುವಾಗ ಟ್ರೈಗ್ಲಿಸರೈಡನ್ನೂ ಒಟ್ಟು–ಎಚ್‌ಡಿಎಲ್ ಅನುಪಾತವನ್ನೂ ನೋಡಬೇಕು, ಸೇದುವ ಅಭ್ಯಾಸವನ್ನು ತಪ್ಪದೆ ಕೇಳಬೇಕು. ಅಂಕಿ ಹೇಗೇ ಇರಲಿ, ಬಿಡಲು ನೆರವಾಗಬೇಕು.