ಚಂದ್ರನ ನಡೆ ಮತ್ತು ನಮ್ಮ ನೀಲಗಿರಿ



ಉತ್ಸವಕ್ಕೆ ದಿನ ಗೊತ್ತುಮಾಡುವಾಗ ನಾವು ಮೊದಲು ತೆರೆಯುವುದು ಪಂಚಾಂಗವನ್ನು. ಅದರ ಐದು ಅಂಗಗಳಲ್ಲಿ ವಾರವೊಂದನ್ನು ಬಿಟ್ಟರೆ ತಿಥಿ, ನಕ್ಷತ್ರ, ಯೋಗ, ಕರಣ ನಾಲ್ಕಕ್ಕೂ ಚಂದ್ರನ ಸ್ಥಾನವೇ ಬೇಕು. ಚಂದ್ರನು ಸೂರ್ಯನಿಂದ 12 ಅಂಶ ದೂರ ಸರಿದರೆ ಒಂದು ತಿಥಿ. ತನ್ನ ಪಥದಲ್ಲಿ 13 ಅಂಶ 20 ಕಲೆ ನಡೆದರೆ ಒಂದು ನಕ್ಷತ್ರ. 27 ನಕ್ಷತ್ರಗಳನ್ನು ಸುತ್ತಿ ಬರಲು ಆತನಿಗೆ ಸುಮಾರು 27.3 ದಿನ ಸಾಕು. ಅಷ್ಟರಲ್ಲಿ ಸೂರ್ಯನೂ ಮುಂದೆ ಸರಿದಿರುವುದರಿಂದ ಅಮಾವಾಸ್ಯೆಯಿಂದ ಅಮಾವಾಸ್ಯೆಗೆ ಸುಮಾರು 29.5 ದಿನ ಹಿಡಿಯುತ್ತದೆ. ಅರವಂಕಾಡಿನಲ್ಲಿ ನೆಲೆಸಿದ ಕನ್ನಡಿಗರಿಗೆ ಇದರ ಫಲ ಗೊತ್ತೇ ಇದೆ: ಸೌರಮಾನದ ತಮಿಳು ಹೊಸ ವರ್ಷ ಏಪ್ರಿಲ್ ನಡುವಿನಲ್ಲೇ ನಿಂತಿರುತ್ತದೆ, ಚಾಂದ್ರಮಾನದ ಯುಗಾದಿ ಮಾತ್ರ ವರ್ಷವರ್ಷವೂ ಹಿಂದುಮುಂದಾಗುತ್ತದೆ.

ಚಂದ್ರನಿಗೆ ರೋಹಿಣಿಯ ಮೇಲೆ ಪ್ರೀತಿ ಹೆಚ್ಚೆಂದು ಪುರಾಣ ಹೇಳುತ್ತದೆ. ಆಕಾಶದಲ್ಲಿಯೂ ಚಂದ್ರಬಿಂಬವು ಕೆಲವು ವರ್ಷಗಳಲ್ಲಿ ರೋಹಿಣಿಯನ್ನು ಮರೆಮಾಡುವುದುಂಟು. ಮಘಾ, ಚಿತ್ತಾ, ಜ್ಯೇಷ್ಠಾ ತಾರೆಗಳನ್ನೂ ಮರೆಮಾಡುತ್ತದೆ. ಈ ಮರೆಯೇ ವಿಜ್ಞಾನಿಗಳಿಗೆ ಅಳತೆಗೋಲಾಯಿತು. 1962ರಲ್ಲಿ ಆಸ್ಟ್ರೇಲಿಯಾದಲ್ಲಿ ಸಿರಿಲ್ ಹಜಾರ್ಡ್ ಮತ್ತು ಸಂಗಡಿಗರು, ರೇಡಿಯೋ ಅಲೆಗಳನ್ನು ಸೂಸುವ ಆಕಾಶಕಾಯವೊಂದು ಚಂದ್ರನ ಅಂಚಿನ ಹಿಂದೆ ಮರೆಯಾದ ಕ್ಷಣವನ್ನು ಗುರುತಿಸಿ ಅದರ ನೆಲೆಯನ್ನು ನಿಖರವಾಗಿ ಕಂಡುಕೊಂಡರು.

ಇದೇ ವಿಧಾನವನ್ನು ನೆಚ್ಚಿ, ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಗೋವಿಂದ ಸ್ವರೂಪ್ ಅವರು ಉದಕಮಂಡಲದ ಬಳಿಯ ಮುತ್ತೋರೆಯಲ್ಲಿ ರೇಡಿಯೋ ದೂರದರ್ಶಕವನ್ನು ಕಟ್ಟಿದರು. ನಮ್ಮ ದೇಶದಲ್ಲೇ ರೂಪಿಸಿ ನಿರ್ಮಿಸಿದ, 530 ಮೀಟರ್ ಉದ್ದ, 30 ಮೀಟರ್ ಅಗಲದ ಈ ಯಂತ್ರ 1970ರಲ್ಲಿ ಕೆಲಸ ಆರಂಭಿಸಿತು. ನೀಲಗಿರಿಯನ್ನೇ ಆರಿಸಿದ್ದಕ್ಕೆ ಕಾರಣವಿದೆ. ಇಲ್ಲಿನ ಅಕ್ಷಾಂಶ ಸುಮಾರು 11; ಬೆಟ್ಟದ ಉತ್ತರ-ದಕ್ಷಿಣ ಇಳಿಜಾರೂ ಅಷ್ಟೇ ಅಂಶ. ಹೀಗಾಗಿ ಯಂತ್ರದ ಅಕ್ಷವು ಭೂಮಿಯ ಅಕ್ಷಕ್ಕೆ ಸಮಾಂತರವಾಗಿ ನಿಂತಿತು. ಆ ಒಂದೇ ಅಕ್ಷದ ಮೇಲೆ ತಿರುಗಿಸಿದರೆ ಸಾಕು, ಆಕಾಶಕಾಯವನ್ನು ಗಂಟೆಗಟ್ಟಲೆ ಹಿಂಬಾಲಿಸಬಹುದು. ನಮ್ಮ ಮಳೆಮೋಡಗಳೂ ಇದಕ್ಕೆ ಅಡ್ಡಿಯಲ್ಲ.

ಚಂದ್ರನ ಅಂಚಿನಲ್ಲಿ ಮರೆಯಾಗುವ ನೂರಾರು ಮೂಲಗಳ ಗಾತ್ರವನ್ನು ಇಲ್ಲಿ ಅಳೆಯಲಾಯಿತು. ವಿಶ್ವವು ಎಂದೆಂದಿಗೂ ಒಂದೇ ಸ್ಥಿತಿಯಲ್ಲಿಲ್ಲ, ಕಾಲಕ್ರಮದಲ್ಲಿ ಬದಲಾಗುತ್ತ ಬಂದಿದೆ ಎಂಬ ಅಭಿಪ್ರಾಯಕ್ಕೆ 1975ರ ಹೊತ್ತಿಗೆ ಆ ಅಳತೆಗಳು ಬಲ ತಂದವು.

ಉತ್ಸವದ ರಾತ್ರಿ ಮೋಡ ಸರಿದಾಗ, ಚಂದ್ರನ ಪಕ್ಕದ ಒಂದು ತಾರೆಯನ್ನು ಗುರುತಿಟ್ಟುಕೊಂಡು ಮಕ್ಕಳಿಗೆ ತೋರಿಸಿರಿ. ಒಂದು ಗಂಟೆ ಕಳೆದು ಮತ್ತೆ ನೋಡಿದರೆ, ಚಂದ್ರನು ತನ್ನ ಬಿಂಬದಷ್ಟು ದೂರ ಪೂರ್ವಕ್ಕೆ ಸರಿದಿರುತ್ತಾನೆ. ಪಂಚಾಂಗಕರ್ತರು ಲೆಕ್ಕ ಹಾಕಿದ್ದೂ, ಮುತ್ತೋರೆಯ ವಿಜ್ಞಾನಿಗಳು ಕಾದು ಕುಳಿತದ್ದೂ ಆ ನಡೆಗಾಗಿಯೇ.